ನಡುವೆ ಯಾರೂ ಇರಬಾರದು

ನಮ್ಮ ಅಡುಗೆಮನೆಯಲ್ಲಿ ಎರಡು ಖಾರಪುಡಿ ಡಬ್ಬಿಗಳಿದ್ದವು. ಹಿತ್ತಾಳೆಯದು ಆಯಿಯದು, ಸ್ಟೀಲಿನದು ಅವ್ವನದು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಬ್ಯಾಡಗಿಯಂಥ ಊರಿನಲ್ಲಿ, ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಗಾಡಿಯ ಎತ್ತುಗಳೂ ಸೀನುವ ಊರಿನಲ್ಲಿ, ಒಂದೇ ಮನೆಗೆ ಎರಡು ಖಾರ ಇರುವುದು ಸಣ್ಣ ಸಂಗತಿಯಲ್ಲ. ಬೇರೆ ಮನೆಯ ಮಕ್ಕಳು ಅಡುಗೆಮನೆಗೆ ನುಗ್ಗಿ ಬೆಲ್ಲ ಹುಡುಕುತ್ತಿದ್ದರು. ನಾನು ಮಾತ್ರ ಮೊದಲು ಆ ಡಬ್ಬಿಗಳನ್ನು ನೋಡುತ್ತಿದ್ದೆ. ಅವು ಒಂದಕ್ಕೊಂದು ಎಷ್ಟು ದೂರ ಸರಿದಿವೆ ಎನ್ನುವುದರ ಮೇಲೆ ಆ ದಿನ ಮನೆಯ ಹವಾ ಹೇಗಿದೆ ಎಂದು ತಿಳಿಯುತ್ತಿತ್ತು. ತೀರಾ ದೂರವಿದ್ದರೆ ಬೆಲ್ಲವನ್ನೂ ಕೇಳದೆ ಸುಮ್ಮನೆ ಹಿಂದಕ್ಕೆ ಬಂದು ನನ್ನ ಜಾಗದಲ್ಲಿ ಕುಳಿತುಬಿಡುತ್ತಿದ್ದೆ.

ನನ್ನ ಜಾಗ ಎಂದರೆ ನಡುಮನೆ. ನಮ್ಮದು ಉದ್ದನೆಯ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು ಮತ್ತು ಬಚ್ಚಲು. ಎಲ್ಲವೂ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು. ಒಂದೊಂದು ಬಾಗಿಲಿಗೂ ಎತ್ತರದ ಹೊಸ್ತಿಲು. ಪಡಸಾಲೆಯ ಮಂಚದ ಮೇಲೆ ಆಯಿ, ಅಡುಗೆಮನೆಯ ಒಲೆಯ ಮುಂದೆ ಅವ್ವ, ಇಬ್ಬರಿಗೂ ಕೂಗಿದರೆ ಕೇಳುವಷ್ಟು ದೂರದಲ್ಲಿ ಪಾಟಿಚೀಲ ಬಿಚ್ಚಿಕೊಂಡು ನಾನು. ಅವರಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೆ ಮನೆ ನಡೆಯಬೇಕಲ್ಲ? ಹಾಲು ಬಂತೋ ಇಲ್ಲವೋ, ಅಕ್ಕಿ ಎಷ್ಟು ಹಾಕಬೇಕು, ಸೋದರತ್ತೆ ಯಾವಾಗ ಬರುತ್ತಾಳೆ, ಇವೆಲ್ಲ ಯಾರಾದರೂ ಅತ್ತಿಂದಿತ್ತ ಒಯ್ಯಬೇಕಲ್ಲ? ಅದಕ್ಕೆ ನಾನಿದ್ದೆ.

"ಸುಮಿ, ನಿಮ್ಮವ್ವಗ ಹೇಳು, ಇವತ್ತ ಸಂಕಷ್ಟಿ ಐತಿ, ಉಳ್ಳಾಗಡ್ಡಿ ಹಾಕಬ್ಯಾಡ ಅಂತ."

"ನಿಮ್ಮ ಆಯಿಗೆ ಹೇಳು, ಕ್ಯಾಲೆಂಡರ್ ನನಗೂ ನೋಡಾಕ ಬರತೈತಿ ಅಂತ."

ನಾನು ಪಡಸಾಲೆಗೆ ಹೋಗಿ, "ಆಯಿ, ಅವ್ವ ಹೂಂ ಅಂದ್ಲು" ಎನ್ನುತ್ತಿದ್ದೆ. ಹೀಗೆ ಮಾತಿನ ಮುಳ್ಳು ತೆಗೆದು ಮುಟ್ಟಿಸುವುದನ್ನು ಯಾರೂ ನನಗೆ ಕಲಿಸಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ನೋಡದೆಯೇ ಕೈ ಓಡುವ ಹಾಗೆ ನನಗೂ ಅದು ರೂಢಿಯಾಗಿತ್ತು. ನಾನು ಮನೆಯಲ್ಲಿಲ್ಲದಾಗ ಅವರು ಕಂಬಕ್ಕೆ ಹೇಳುತ್ತಿದ್ದರು. "ಯಾರರೆ ಹಾಲು ಇಟ್ಟಿದ್ರ ಉಕ್ಕಾಕತ್ತೈತ್ರೆಪಾ" ಎಂದು ಆಯಿ ಕಂಬಕ್ಕೆ ಹೇಳಿದರೆ ಅವ್ವ ಬಂದು ಹಾಲು ಇಳಿಸುತ್ತಿದ್ದಳು. ಕಂಬ ನನಗಿಂತ ಪ್ರಾಮಾಣಿಕವಾಗಿತ್ತು, ಹೇಳಿದ್ದನ್ನು ಹೇಳಿದ ಹಾಗೇ ಮುಟ್ಟಿಸುತ್ತಿತ್ತು. ಅದಕ್ಕೇ ನಾನು ಇಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಸಿಟ್ಟು ಹೆಚ್ಚುತ್ತಿತ್ತು. ಸಂಜೆ ಓಣಿಯಲ್ಲಿ ಹುಡುಗಿಯರು ಕುಂಟಾಬಿಲ್ಲೆಗೆ ಮನೆ ಬರೆಯುವ ಸಪ್ಪಳ ಕೇಳಿದರೂ ನಾನು ಎದ್ದು ಹೋಗುತ್ತಿರಲಿಲ್ಲ. ಹೋದರೂ ಒಂದು ಸರದಿ ಆಡುವಷ್ಟರಲ್ಲಿ ಒಳಗಿನಿಂದ ಕರೆ ಬರುತ್ತಿತ್ತು. ಕೊನೆಗೆ ಹುಡುಗಿಯರು ನನ್ನನ್ನು ಆಟಕ್ಕೆ ಲೆಕ್ಕ ಹಿಡಿಯುವುದನ್ನೇ ಬಿಟ್ಟರು.

ಜಗಳದ ಮೂಲ ಖಾರವೇ. ಅವ್ವ ಮದುವೆಗೆ ಮುಂಚೆ ಕೆಲವು ವರ್ಷ ಕುಮಾರಪಟ್ಟಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇದ್ದವಳು. ಅಲ್ಲಿ ಪಕ್ಕದ ಮನೆ ಆಂಧ್ರದವರದು. ಅವರ ಕೈಯೂಟ ಉಂಡು ಅವಳ ನಾಲಿಗೆಗೆ ಗುಂಟೂರು ಮೆಣಸಿನಕಾಯಿಯ ರುಚಿ ಹತ್ತಿತ್ತು. ನಮ್ಮೂರ ಕಾಯಿ ಬಣ್ಣಕ್ಕೆ ಹೆಸರಾದದ್ದು, ಅದರಲ್ಲಿ ಉರಿ ಕಡಿಮೆ. ಮದುವೆಯಾಗಿ ಬಂದ ಹೊಸದರಲ್ಲಿ, ಬೇಸಿಗೆಯಲ್ಲಿ ವರ್ಷದ ಮಸಾಲೆ ಖಾರ ಕುಟ್ಟಿಸುವಾಗ, ಅವ್ವ ಯಾರನ್ನೂ ಕೇಳದೆ ಒಂದಿಷ್ಟು ಗುಂಟೂರು ಕಾಯಿ ಬೆರೆಸಿಬಿಟ್ಟಳು. ರುಚಿ ಆಗಲಿ ಎಂದೇ ಮಾಡಿದ್ದು. ಕದರಮಂಡಲಗಿಯ ಆಂಜನೇಯನಿಗೆ ಹರಕೆ ತೀರಿಸಿ ಬಂದ ಬೀಗರು ಅದೇ ಖಾರ ಹಾಕಿದ ಝುಣಕ ಉಂಡು, ಕಣ್ಣುಮೂಗಿನಲ್ಲಿ ನೀರು ಸುರಿಸಿ, ತಂಬಿಗೆ ತಂಬಿಗೆ ನೀರು ಕುಡಿದರು. ಬ್ಯಾಡಗಿಯ ಮನೆಯಲ್ಲಿ ಗುಂಟೂರು ಕಾಯಿ! ಆಯಿಗೆ ಅದು ಮನೆತನದ ಮರ್ಯಾದೆಯ ಪ್ರಶ್ನೆಯಾಯಿತು. ಬೀಗರ ಎದುರಿಗೇ ಅವ್ವನ ತವರನ್ನು ಎತ್ತಿ ಆಡಿದಳು. ಅವ್ವನೂ ಸುಮ್ಮನಿರಲಿಲ್ಲ. "ನಿಮ್ಮ ಕಾಯಿ ಬಣ್ಣಕ್ಕ ಆತು, ಬಾಯಿಗಲ್ಲ" ಎಂದಳಂತೆ. ಆ ದಿನ ನಿಂತ ಮಾತು, ನಾನು ಹುಟ್ಟಿ, ನಡೆದು, ಶಾಲೆಗೆ ಸೇರಿದರೂ ಮತ್ತೆ ಶುರುವಾಗಿರಲಿಲ್ಲ.

ಅಪ್ಪ ಹಾವೇರಿಯಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. "ಇಡೀ ದಿವಸ ವಾದಿ ಪ್ರತಿವಾದಿ ಕೇಳಿ ಬಂದಿರತೇನಿ, ಮನ್ಯಾಗರೆ ನನಗ ಸೂಟಿ ಕೊಡ್ರಿ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿಬಿಡುತ್ತಿದ್ದ. ಇಷ್ಟೆಲ್ಲ ಹೇಳಿದ್ದಕ್ಕೆ ನಮ್ಮದು ದುಃಖದ ಮನೆ ಎಂದುಕೊಳ್ಳಬಾರದು. ಇಬ್ಬರೂ ಮಾತು ಬಿಟ್ಟಿದ್ದರಿಂದ ನನಗೆ ಎಲ್ಲವೂ ಎರಡೆರಡು ಸಲ ಸಿಗುತ್ತಿತ್ತು. ಅವ್ವ ತಲೆ ಬಾಚಿದ ಮೇಲೆ ಆಯಿ ಅದನ್ನು ಬಿಚ್ಚಿ ಮತ್ತೆ ಬಾಚುತ್ತಿದ್ದಳು. ಅವ್ವ ಉಣಿಸಿದ ಮೇಲೆ ಆಯಿ ಸೆರಗಿನಿಂದ ಪುಟಾಣಿ ಕಡಲೆ ಬೆಲ್ಲ ತೆಗೆದುಕೊಡುತ್ತಿದ್ದಳು. ಪ್ರೀತಿಗೆ ನನಗೆ ಎಂದೂ ಕಡಿಮೆ ಬೀಳಲಿಲ್ಲ. ಕಡಿಮೆ ಬಿದ್ದದ್ದು ನನ್ನದೇ ಮಾತಿಗೆ. ಅದು ನನಗೆ ಗೊತ್ತಾದದ್ದು ಶಾಲೆಯಲ್ಲಿ, ಒಂದು ತೆಂಗಿನ ಚಿಪ್ಪಿನಿಂದ.

ನಾಲ್ಕನೆಯ ಇಯತ್ತೆಗೆ ಮಮತಾಜ ಅಕ್ಕೋರು ಬಂದರು. ಶಿಕ್ಷಕಿಯರನ್ನು ನಾವು ಅಕ್ಕೋರು ಎಂದೇ ಕರೆಯುತ್ತಿದ್ದದ್ದು. ಅವರು ರಾಣೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸಿಳಿದು ಮೆಣಸಿನಕಾಯಿ ರಾಶಿಗಳ ನಡುವೆ ನಡೆದು ಬರುವಷ್ಟರಲ್ಲಿ ಮೂಗು ಕೆಂಪಾಗಿ, ಹಾಜರಿ ಕೂಗುವಾಗ ಎರಡು ಹೆಸರಿಗೊಮ್ಮೆ ಸೀನುತ್ತಿದ್ದರು. ಊರವರಾದ ನಮಗೆ ಅದೇ ದೊಡ್ಡ ತಮಾಷೆ. ಶನಿವಾರ ಮುಂಜಾನೆಯ ಶಾಲೆಯಲ್ಲಿ ಕೊನೆಯ ಅವಧಿಗೆ ಅವರು ಪುಸ್ತಕ ಮುಚ್ಚಿಸಿ ನಮ್ಮನ್ನು ದುಂಡಗೆ ಕೂಡಿಸುತ್ತಿದ್ದರು. ಚೀಲದಿಂದ ಒಂದು ತೆಂಗಿನ ಚಿಪ್ಪು ತೆಗೆಯುತ್ತಿದ್ದರು. ಗಾಜಿನ ಚೂರಿನಿಂದ ಹೆರೆದು ಹೆರೆದು ಕನ್ನಡಿಯಂತೆ ನುಣುಪು ಮಾಡಿದ್ದ ಚಿಪ್ಪು.

"ಈ ಚಿಪ್ಪು ಯಾರ ಕೈಯಾಗ ಐತಿ ಅವರಷ್ಟ ಮಾತಾಡಬೇಕು. ಉಳದವರು ಕೇಳಬೇಕು. ನಗಂಗಿಲ್ಲ, ನಡುವ ಬಾಯಿ ಹಾಕಂಗಿಲ್ಲ. ಇವತ್ತ ನಿಮ್ಮ ಮನಸಿನ್ಯಾಗ ಏನೈತಿ ಅದನ್ನ ಹೇಳ್ರಿ. ಮಂದೀದು ಬ್ಯಾಡ, ನಿಮ್ಮದು."

ಇದೆಲ್ಲ ಎಲ್ಲಿಂದ ಕಲಿತಿರಿ ಎಂದು ಯಾರೋ ಕೇಳಿದ್ದಕ್ಕೆ, "ನಮ್ಮ ಮನ್ಯಾಗ ಮಕ್ಕಳು ಭಾಳ, ಖೋಲಿ ಒಂದ. ಹಿಂಗ ಏನರೆ ಮಾಡದಿದ್ರ ನಮ್ಮ ಅಮ್ಮೀಜಾನ್ ಹುಚ್ಚಿ ಆಗತಿದ್ಲು" ಎಂದು ನಕ್ಕಿದ್ದರು. ನಮ್ಮ ಹೆಡ್‌ಮಾಸ್ತರರಿಗೆ ಇದು ಅಷ್ಟಾಗಿ ಸೇರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, "ಏನ್ರಿ ಅಕ್ಕೋರ, ಸಾಲಿ ನಡಸೀರೋ, ಆಟ ನಡಸೀರೋ?" ಎನ್ನುತ್ತಿದ್ದರು. "ಎರಡೂನೂರಿ ಸರ್" ಎಂದು ಅಕ್ಕೋರು ಎದ್ದು ನಿಂತು ಹೇಳಿ ಮತ್ತೆ ನಮ್ಮ ಜೊತೆ ನೆಲದ ಮೇಲೆ ಕುಳಿತುಬಿಡುತ್ತಿದ್ದರು.

ಮೊದಲ ಶನಿವಾರ ಚಿಪ್ಪು ಕೈಯಿಂದ ಕೈಗೆ ಬಂತು. ಒಬ್ಬನಿಗೆ ಹೊಟ್ಟೆ ಹಸಿದಿತ್ತು, ಒಬ್ಬಳಿಗೆ ಹೊಸ ಲಂಗ ಬಂದಿತ್ತು. ರೇಣುಕಾ ಎಂಬ ಹುಡುಗಿಯ ಕೈಗೆ ಹೋದಾಗ ಎಲ್ಲರೂ ಸ್ವಲ್ಪ ಹಿಂದೆ ಸರಿದೆವು. ಅವಳು ಸುಮ್ಮಸುಮ್ಮನೆ ಚಿವುಟುವವಳು, ಅವಳ ಪಕ್ಕ ಕೂಡಲು ಯಾರೂ ಒಪ್ಪುತ್ತಿರಲಿಲ್ಲ. ಅವಳು ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು, "ನನಗ ಸಿಟ್ಟು ಬಂದೈತಿ. ನಮ್ಮಪ್ಪ ನನ್ನ ಕುರಿಮರಿ ಮಾರಿ ಬಂದಾನ. ಅದು ನನ್ನ ಕೂಡ ಮಲಗತಿತ್ತು" ಎಂದಳು. ಅಷ್ಟೇ. ಯಾರೂ ನಗಲಿಲ್ಲ. ಆಮೇಲೆ ಅವಳು ಚಿವುಟುವುದನ್ನು ಒಮ್ಮೆಲೇ ಬಿಟ್ಟಳು ಎಂದು ಹೇಳಿದರೆ ಸುಳ್ಳಾದೀತು. ಆದರೆ ನಮಗೆ ಅವಳ ಭಯ ಹೋಯಿತು. ಅವಳ ಪಕ್ಕದಲ್ಲಿ ಕುಳಿತಿದ್ದ ನನ್ನ ಕೈಗೆ ಚಿಪ್ಪು ಬಂತು.

"ನಮ್ಮ ಆಯಿಗೆ ಮೊಣಕಾಲು ನೋವೈತಿ" ಎಂದೆ.

"ಅದು ಆಯೀದು" ಎಂದರು ಅಕ್ಕೋರು. "ನಿಂದು?"

"ನಮ್ಮವ್ವಗ ಸಿಟ್ಟು ಬಂದೈತಿ."

"ಅದು ಅವ್ವಂದು. ನಿಂದೇನು, ಸುಮಂಗಲಾ?"

ನಾನು ಚಿಪ್ಪಿನೊಳಗೆ ನೋಡಿದೆ, ಅಲ್ಲೇನಾದರೂ ಬರೆದಿರಬಹುದೇನೋ ಎನ್ನುವ ಹಾಗೆ. ನನ್ನದು ಎಂದು ಹೇಳಿಕೊಳ್ಳಲು ನನಗೆ ಏನೂ ಹೊಳೆಯಲಿಲ್ಲ. ಆಯಿಗೆ ಬೆಳಿಗ್ಗೆ ಎದ್ದಾಗ ಹೇಗಿತ್ತು, ಅವ್ವ ರೊಟ್ಟಿ ಬಡಿಯುವ ಸಪ್ಪಳದಲ್ಲಿ ಎಷ್ಟು ಸಿಟ್ಟಿತ್ತು, ಅಪ್ಪ ಚಹಾ ಅರ್ಧ ಬಿಟ್ಟು ಯಾಕೆ ಎದ್ದ, ಎಲ್ಲ ಗೊತ್ತಿತ್ತು. ನನಗೆ ಹೇಗಿದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಯಾರೂ ಅದನ್ನು ಕೇಳಿರಲೂ ಇಲ್ಲ. ಅಕ್ಕೋರು ನನ್ನ ಕೈಯಿಂದ ಮೆಲ್ಲಗೆ ಚಿಪ್ಪು ತೆಗೆದುಕೊಂಡು, "ಬ್ಯಾಸರಾ ಮಾಡ್ಕೋಬ್ಯಾಡ. ಚಿಪ್ಪು ಮತ್ತ ಬರತೈತಿ" ಎಂದರು. ಆ ಮಾತಿಗಾಗಿ ನಾನು ಈಗಲೂ ಅವರನ್ನು ನೆನೆಯುತ್ತೇನೆ. ಮಕ್ಕಳಿಗೆ ನಾವು ಏನೇನೋ ಕೊಡುತ್ತೇವೆ, ಇನ್ನೊಂದು ಸರದಿ ಕೊಡುವುದು ಮಾತ್ರ ಮರೆತುಬಿಡುತ್ತೇವೆ.

ಇನ್ನೊಂದು ಶನಿವಾರ ಕಣ್ಣು ಕಟ್ಟಿ ನಡೆಸುವ ಆಟ. ನೆಲದ ಮೇಲೆ ಅಲ್ಲಲ್ಲಿ ಪಾಟಿಚೀಲ, ಚಪ್ಪಲಿ, ನೀರಿನ ಕೊಡ ಇಟ್ಟು ದಾರಿ ಮಾಡಿದ್ದರು. ಒಬ್ಬರ ಕಣ್ಣಿಗೆ ಅಕ್ಕೋರ ಕರವಸ್ತ್ರ ಕಟ್ಟಬೇಕು. ಜೊತೆಯವರು ಮುಟ್ಟದೆ, ಬರೀ ಮಾತಿನಿಂದ, ಆಚೆ ಗೋಡೆಯವರೆಗೆ ನಡೆಸಬೇಕು. ನನ್ನ ಪಾಲಿಗೆ ರೇಣುಕಾ ಬಂದಳು. ನಾನು ಅಕ್ಕೋರ ಮುಖ ನೋಡುವುದು, ಅವರು ಹೂಂ ಎಂದು ತಲೆಯಾಡಿಸಿದ ಮೇಲೆ, "ಅಕ್ಕೋರು ಹೇಳ್ಯಾರ, ಬಲಕ್ಕ ಹೋಗು" ಎನ್ನುವುದು. ಮತ್ತೆ ನೋಡುವುದು, ಮತ್ತೆ ಹೇಳುವುದು. ಅಷ್ಟರಲ್ಲಿ ರೇಣುಕಾ ಕೊಡಕ್ಕೆ ಕಾಲು ಕೊಟ್ಟು ನೀರೆಲ್ಲ ಚೆಲ್ಲಿ, ಕರವಸ್ತ್ರ ಕಿತ್ತು, "ಅಕ್ಕೋರು ಹೇಳ್ಯಾರೋ, ನೀ ಹೇಳ್ತೀಯೋ? ಯಾರರೆ ಒಬ್ರು ಹೇಳ್ರಿ!" ಎಂದು ರೇಗಿದಳು. ಅಕ್ಕೋರು ನನ್ನ ಪಕ್ಕ ಬಂದು ಕುಳಿತರು.

"ಸುಮಂಗಲಾ, ಈಗ ಆಕಿಗೆ ನಿನ್ನ ಮಾತ ಕಣ್ಣು. ನೀ ನನ್ನ ಕೇಳಿ, ನನ್ನ ಹೆಸರ್ಲೆ ಹೇಳೋದ್ರಾಗ ಆಕಿ ಎಡವಿರತಾಳ. ನಿಂಗ ಕೊಡಾ ಕಾಣತೈತಿಲ್ಲೋ? ಕಂಡದ್ದನ್ನ ನೀನ ಹೇಳು. ಈ ಆಟದಾಗ ನಡುವ ಯಾರೂ ಇರಬಾರದು."

ಎರಡನೆಯ ಸಲ ನಾನೇ ಹೇಳಿದೆ. ದನಿ ಎಷ್ಟು ಸಣ್ಣದಿತ್ತೆಂದರೆ ರೇಣುಕಾ ತಲೆ ವಾರೆ ಮಾಡಿ ಕೇಳಬೇಕಾಯಿತು. ಆದರೂ ನಿಲ್ಲು ಎಂದಾಗ ನಿಂತಳು, ಕಾಲೆತ್ತು ಎಂದಾಗ ಎತ್ತಿದಳು. ಯಾರ ಮಾತನ್ನೂ ಕೇಳದ ಹುಡುಗಿ ನನ್ನ ಮಾತು ಕೇಳಿ ನಡೆದಳು. ಗೋಡೆ ಮುಟ್ಟಿದ ಕೂಡಲೇ ಕರವಸ್ತ್ರ ಕಿತ್ತು, "ಮುಟ್ಟಿದ್ನೆಲೇ!" ಎಂದು ನನ್ನನ್ನು ಅಪ್ಪಿಕೊಂಡೇಬಿಟ್ಟಳು. ಆ ದಿನ ಮನೆಗೆ ಹೋಗುವಾಗ ನನ್ನ ನಡಿಗೆಯೇ ಬೇರೆಯಾಗಿತ್ತು.

ಅದೇ ವರ್ಷದ ಸುಗ್ಗಿಯಲ್ಲಿ ಆಯಿಯ ಕಣ್ಣಿನ ಪೊರೆ ತೆಗೆಸಬೇಕಾಯಿತು. ಒಂದು ಕಣ್ಣು ಎಂದೋ ಹೋಗಿತ್ತು, ಉಳಿದದ್ದಕ್ಕೂ ಪೊರೆ ಬಂದು ಎಲ್ಲ ಮಸುಕಾಗಿತ್ತು. ಅಪ್ಪ ಹಾವೇರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದ. ಕಣ್ಣಿಗೆ ದಪ್ಪ ಪಟ್ಟಿ. ಡಾಕ್ಟರರು ಹೇಳಿ ಕಳಿಸಿದ್ದರು: ಬಗ್ಗಬಾರದು, ಭಾರ ಎತ್ತಬಾರದು, ಎಡವಬಾರದು, ಕೆಮ್ಮಬಾರದು, ಮುಖ್ಯವಾಗಿ ಸೀನಬಾರದು. ಹೊಲಿಗೆ ಹರಿದರೆ ಈ ಕಣ್ಣನ್ನೂ ಮರೆತುಬಿಡಬೇಕು.

"ಸುಗ್ಗ್ಯಾಗ, ಬ್ಯಾಡಗಿಯೊಳಗ, ಸೀನಬ್ಯಾಡ ಅಂದ್ರ ಉಸರ ಆಡಬ್ಯಾಡ ಅಂದಂಗ ಆತಲ್ಲೋ" ಎಂದು ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಅವ್ವ ಕಿಟಕಿಗಳನ್ನೆಲ್ಲ ಮುಚ್ಚಿದಳು. ಬಾಗಿಲುಗಳಿಗೆ ಹಳೆಯ ಸೀರೆಗಳನ್ನು ನೀರಲ್ಲಿ ಅದ್ದಿ ಇಳಿಬಿಟ್ಟಳು. ಅವು ಒಣಗುತ್ತಿದ್ದ ಹಾಗೆ ಮತ್ತೆ ಅದ್ದುತ್ತಿದ್ದಳು. ಆಮೇಲೆ ಎರಡೂ ಖಾರದ ಡಬ್ಬಿಗಳನ್ನು ಒಂದೇ ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲ, ಹುರಿಯುವುದಿಲ್ಲ. ಹಾಲು ಅನ್ನ, ಸಪ್ಪನ ಬೇಳೆ, ಹಾಲಲ್ಲಿ ನೆನೆಸಿದ ರೊಟ್ಟಿ. ಅಪ್ಪ ತಾಟಿನ ಮುಂದೆ ಕುಳಿತು ನಿಟ್ಟುಸಿರು ಬಿಡುತ್ತಿದ್ದ. ಆಯಿಗೆ ಕಾರಣ ಗೊತ್ತಿರಲಿಲ್ಲ. "ನಿಮ್ಮವ್ವಗ ಕೇಳು, ನನ್ನ ಮ್ಯಾಲಿನ ಸಿಟ್ಟು ಅಡಗಿ ಮ್ಯಾಲೆ ತೀರಸಾಕತ್ತಾಳೇನಂತ" ಎಂದಳು. ನಾನು ಅಡುಗೆಮನೆಗೆ ಹೋಗಿ, "ಆಯಿ ಊಟಾ ಚಲೋ ಐತಿ ಅಂದ್ಲು" ಎಂದೆ. ಅವ್ವ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಿತ್ತು.

ತೊಂದರೆ ಬಂದದ್ದು ಬಚ್ಚಲಿಗೆ ಹೋಗುವಾಗ. ಅಪ್ಪ ರಜೆ ಹಾಕಿ ಮನೆಯಲ್ಲಿದ್ದಷ್ಟು ದಿನ ಅವನೇ ಕೈಹಿಡಿದು ನಡೆಸಿದ. ರಜೆ ಮುಗಿದ ದಿನ ಬೆಳಿಗ್ಗೆ ಅವನು ಬಸ್ಸಿಗೆ ಹೋದ ಮೇಲೆ ಆಯಿ ಏಳಬೇಕಾಯಿತು. ಅವ್ವ ಕೈ ಹಿಡಿಯಲು ಬಂದದ್ದು ಬಳೆಯ ಸಪ್ಪಳದಿಂದ ತಿಳಿದು, "ಯಾರೂ ನನ್ನ ಮುಟ್ಟಬ್ಯಾಡ ಅಂತ ಹೇಳು. ಗ್ವಾಡಿ ಹಿಡಕೊಂಡು ನಾನ ಹೋಗತೇನಿ" ಎಂದು ಆಯಿ ಎದ್ದಳು. ಪಡಸಾಲೆಯಿಂದ ಹಿತ್ತಲಿಗೆ ಹೊಸ್ತಿಲುಗಳೆಷ್ಟು! ಆಯಿ ಮುಂದೆ, ಪಕ್ಕದಲ್ಲಿ ಕೈ ಚಾಚಿ ಆದರೆ ಮುಟ್ಟದೆ ಅವ್ವ, ಹಿಂದೆ ಶಾಲೆಗೆ ಹೊರಟು ನಿಂತ ನಾನು.

"ಹೊಸ್ತಲಾ ಬಂತು ಅಂತ ಹೇಳು" ಎಂದಳು ಅವ್ವ.

"ಆಯಿ, ಹೊಸ್ತಲಾ ಬಂತು."

"ಎಷ್ಟ ಎತ್ತರ ಐತಿ ಕೇಳು."

"ಅವ್ವಾ, ಎಷ್ಟ ಎತ್ತರ?"

"ಗೇಣುದ್ದ ಅಂತ ಹೇಳು. ಬಲಕ್ಕ ಒರಳೈತಿ, ಎಡಕ್ಕ ಸರೀಬೇಕಂತ."

ಅದನ್ನು ನಾನು ಹೇಳಿ ಮುಗಿಸುವ ಮೊದಲೇ ಆಯಿಯ ಬಲಗಾಲು ಒರಳಿಗೆ ಬಡಿಯಿತು. ಮೈ ಮುಂದಕ್ಕೆ ವಾಲಿತು. ಬಾಗಿಲಿಗೆ ಇಳಿಬಿಟ್ಟ ಒದ್ದೆ ಸೀರೆಯನ್ನು ಗಪ್ಪನೆ ಹಿಡಿದುಕೊಂಡಳು. ಸೀರೆ ಸಿಕ್ಕಿಸಿದ್ದ ಮೊಳೆ ಅಲುಗಾಡಿತು, ಆದರೆ ಕಿತ್ತುಬರಲಿಲ್ಲ. ಒಂದು ಕೈ ಸೀರೆಗೆ, ಒಂದು ಕೈ ಕಣ್ಣಿನ ಪಟ್ಟಿಗೆ, ಆಯಿ ಹಾಗೇ ನಿಂತಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು, ಮೊಳೆ ಹಿಡಿದದ್ದನ್ನು ನೋಡಿ ಮತ್ತೆ ಉಸಿರಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನೋವಾತೇನ ಅಂತ ಕೇಳು" ಎಂದಳು.

ಅಷ್ಟಾದ ಮೇಲೂ ನನಗೇ ಕೇಳು ಎಂದಳು! ನನಗೆ ಏನಾಯಿತೋ ಗೊತ್ತಿಲ್ಲ. ನೆಲಕ್ಕೆ ಕಾಲು ಅಪ್ಪಳಿಸಿದೆ.

"ನಾ ಕೇಳಂಗಿಲ್ಲ! ನನಗ ಅಂಜಿಕಿ ಆಗೈತಿ! ನಾ ಹೇಳೋದ್ರಾಗ ಆಯಿ ಬೀಳ್ತಾಳ. ಬಿದ್ರ ಕಣ್ಣು ಹೋಗತೈತಿ. ನಿಮ್ಮದು ನೀವು ಮಾತಾಡ್ರಿ. ನಡುವ ಯಾರೂ ಇರಬಾರದು!"

ಇಷ್ಟು ಕೂಗಿ ನಾನು ಪಡಸಾಲೆಗೆ ಓಡಿ ಮಂಚದ ಕಾಲು ಹಿಡಿದುಕೊಂಡು ಕುಳಿತೆ. ಅವ್ವನಿಗೆ ಎದುರಾಡಿದ್ದು ಅದೇ ಮೊದಲು. ಈಗ ಏಟು ಬೀಳುತ್ತದೆ ಎಂದುಕೊಂಡೆ. ಒಳಗೆ ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಆಮೇಲೆ ಅವ್ವನ ದನಿ ಬಂತು. ಒಣಗಿದ, ನಡುಗುವ, ನನಗೆ ಗುರುತೇ ಸಿಗದ ದನಿ.

"ಅತ್ತೀ... ಎಡಕ್ಕ ಸರೀರಿ. ಹಾಂ. ಈಗ ಕಾಲು ಎತ್ರಿ. ಇನ್ನಾ ಸ್ವಲ್ಪ ಎತ್ರಿ."

ಆಮೇಲೆ ಆಯಿ:

"ಇಡ್ಲೇನು?"

"ಇಡ್ರಿ."

ಅವರಿಬ್ಬರೂ ಹಾಗೆ ಬಚ್ಚಲಿಗೆ ಹೋಗಿ ಬಂದರು. ಬರುವಾಗ ಆಯಿಯ ಕೈ ಅವ್ವನ ಹೆಗಲ ಮೇಲಿತ್ತು. ನನ್ನನ್ನು ಯಾರೂ ಬೈಯಲಿಲ್ಲ. "ಸಾಲಿಗೆ ಹೊತ್ತಾತು, ಹೋಗು" ಎಂದಳು ಅವ್ವ ಅಷ್ಟೇ.

ಅತ್ತೆ ಸೊಸೆ ಅಂದೇ ತಬ್ಬಿಕೊಂಡು ಅತ್ತರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಆದರೆ ನಮ್ಮ ಮನೆಯವರು ಅಂಥವರಲ್ಲ. ನಡೆದದ್ದು ಜಗಳ. ಎರಡು ದಿನ ಬರೀ ಕಾಲೆತ್ತು, ಕಾಲಿಡು ಎನ್ನುವಷ್ಟೇ ಮಾತು. ಮೂರನೆಯ ದಿನ ಮಧ್ಯಾಹ್ನ ನಾನು ಶಾಲೆಯಿಂದ ಊಟಕ್ಕೆ ಬಂದಾಗ ಆಯಿ ಕೇಳುತ್ತಿದ್ದಳು:

"ಕಣ್ಣು ಬ್ಯಾನಿ ನಂದು. ನೀ ಯಾಕ ಸಪ್ಪನ ಉಣ್ಣಾಕತ್ತಿ? ನಿನಗೇನ ಧಾಡಿ?"

"ನಾ ಖಾರ ಹುರದ್ರ ನೀವು ಸೀನತೀರಿ. ಸೀನಿದ್ರ ಹೊಲಿಗಿ ಹರೀತೈತಿ. ಅದಕ್ಕ ಮನ್ಯಾಗ ಯಾರಿಗೂ ಖಾರ ಇಲ್ಲ."

ಆಯಿ ಎಷ್ಟೋ ವರ್ಷ ನುಂಗಿಕೊಂಡದ್ದನ್ನು ಒಮ್ಮೆಲೇ ಹೊರಗೆ ಹಾಕಿದಳು.

"ಅಂದೂ ಹಿಂಗ ಒಂದ ಮಾತು ಹೇಳಿದ್ರ ಆಗತಿತ್ತು. ಯಾಕ ಕೇಳದ ಬೆರಸಿದಿ? ಬೀಗರ ಮುಂದ ನನ್ನ ಮಾನಾ ಹೋತು."

"ನಿಮ್ಮ ಮಾನಾ ಅಷ್ಟ ಹೋತೇನ್ರಿ? ನನ್ನ ತೌರು ಎತ್ತಿ ಅಂದ್ರಲ್ಲ, ನಂದು ಏನುಳೀತು? ಹೊಸಾಕಿ ಇದ್ದೆ, ನಿಮ್ಮ ಬಾಯಿಗೆ ರುಚಿ ಹತ್ಲಿ ಅಂತ ಮಾಡಿದ್ದೆ."

ದನಿ ಏರಿತು. ಆಯಿ ಒಂದಂದರೆ ಅವ್ವ ಎರಡು. ನಾನು ನಡುಮನೆಯಲ್ಲಿ ಕೈಯಲ್ಲಿ ರೊಟ್ಟಿ ಹಿಡಿದು ನಿಂತೇ ಇದ್ದೆ. ಯಾವ ಮಾತಿನ ಮುಳ್ಳನ್ನೂ ನಾನು ತೆಗೆದಿರಲಿಲ್ಲ, ಆದರೂ ಯಾರೂ ಸಾಯಲಿಲ್ಲ, ಮನೆಯೂ ಬೀಳಲಿಲ್ಲ. ಕೊನೆಗೆ ಆಯಿಯ ದನಿ ಒಡೆಯಿತು.

"ಅಳಬ್ಯಾಡ್ರಿ!" ಎಂದು ಅವ್ವ ಗದರಿದಳು. "ಪಟ್ಟಿ ಹಸಿ ಆದ್ರ ಡಾಕ್ಟರ್ ನನಗ ಬೈತಾರ. ಬೇಕಾದ್ರ ಬೈರಿ, ಅಳಂಗಿಲ್ಲ."

"ಪಟ್ಟಿ ಬಿಚ್ಚಿದ ಮ್ಯಾಲೆ ಅಳತೇನಿ ಬಿಡು" ಎಂದಳು ಆಯಿ. ಹಾಗೆಂದು ಅವಳೇ ನಕ್ಕುಬಿಟ್ಟಳು.

ಆ ಶನಿವಾರ ಚಿಪ್ಪು ನನ್ನ ಕೈಗೆ ಬಂದಾಗ ಅದರೊಳಗೆ ನೋಡಲಿಲ್ಲ. "ನನಗ ಭಾಳ ಖುಷಿ ಆಗೈತಿ" ಎಂದೆ. "ನಮ್ಮ ಮನ್ಯಾಗ ಜಗಳಾ ಆತು." ನಗಬಾರದು ಎಂಬ ನಿಯಮ ಮುರಿದು ಇಡೀ ವರ್ಗ ನಕ್ಕಿತು. ಮಮತಾಜ ಅಕ್ಕೋರೂ ನಕ್ಕರು, ನಕ್ಕು ಸೀನಿದರು. ಆದರೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ನಾನು ಏನನ್ನೂ ಬಿಡಿಸಿ ಹೇಳಲಿಲ್ಲ, ಅವರೂ ಕೇಳಲಿಲ್ಲ. "ಇದು ನಿಂದು" ಎಂದು ಮಾತ್ರ ಹೇಳಿ, ಚಿಪ್ಪನ್ನು ಮುಂದಿನವರಿಗೆ ದಾಟಿಸಿದರು.

ಮುಂದೆ ನಾನೂ ಅಕ್ಕೋರೇ ಆದೆ. ಇಂಥ ಆಟಗಳಿಗೆ ತರಬೇತಿಗಳಲ್ಲಿ ದೊಡ್ಡ ದೊಡ್ಡ ಹೆಸರು ಇಟ್ಟರು. ಬಣ್ಣದ ಚಾರ್ಟುಗಳನ್ನು ಕೊಟ್ಟು, ಮಕ್ಕಳ ಭಾವನೆ ಹೀಗೆ ಬೆಳೆಯುತ್ತದೆ, ಸಹಬಾಳ್ವೆ ಹಾಗೆ ಬೆಳೆಯುತ್ತದೆ ಎಂದು ವಿವರಿಸಿದರು. ಎಲ್ಲ ಸರಿಯೇ ಇದ್ದೀತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಒರಳಿಗೆ ಬಡಿದ ಆಯಿಯ ಕಾಲನ್ನು ನೆನೆಯುತ್ತಿದ್ದೆ. ಎಲ್ಲರ ಮಾತನ್ನೂ ಹೊತ್ತು ತಿರುಗುವ ಮಗು ಪ್ರತಿಯೊಂದು ವರ್ಗದಲ್ಲಿಯೂ ಒಂದಾದರೂ ಇರುತ್ತದೆ. ಬಹಳ ಶಾಣ್ಯಾ ಮಗು ಎಂದು ಎಲ್ಲರೂ ಹೊಗಳುತ್ತಾರೆ. ಅದನ್ನು ಗುರುತು ಹಿಡಿಯಲು ನನಗೆ ಯಾವ ತರಬೇತಿಯೂ ಬೇಕಾಗಲಿಲ್ಲ. ಮನೆಯಲ್ಲಿ ಆಯಿ, ಅವ್ವ ಇಬ್ಬರೂ ಸೇರಿ ನನಗೆ ಕೇಳುವ ಕಿವಿ ಕೊಟ್ಟಿದ್ದರು, ಶಾಲೆಯಲ್ಲಿ ಅಕ್ಕೋರು ಹೇಳುವ ಬಾಯಿ ಕೊಟ್ಟರು. ಮೂವರಿಗೂ ನಾನು ಋಣಿ.

ಪಟ್ಟಿ ಬಿಚ್ಚಿಸಿಕೊಂಡು, ಹೊಲಿಗೆ ಮಾಯ್ದಿದೆ ಎಂದು ಡಾಕ್ಟರರಿಂದ ಹೇಳಿಸಿಕೊಂಡು, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಆಯಿ ಹಾವೇರಿಯಿಂದ ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಹೊಸ್ತಿಲಲ್ಲಿ ಅವ್ವ ಕಾಲಿಗೆ ನೀರು ಹಾಕಲು ನಿಂತಿದ್ದಳು. ಆಯಿ ಒಳಗೆ ಬರದೆ ಅಲ್ಲೇ ನಿಂತು ಅವ್ವನ ಮುಖವನ್ನು ನೋಡಿದಳು. ಮಸುಕು ಕಣ್ಣು ಒಂದು ಕಡೆ, ಸಿಟ್ಟು ಒಂದು ಕಡೆ, ಆ ಮುಖವನ್ನು ಅವಳು ಸರಿಯಾಗಿ ನೋಡಿ ಎಷ್ಟು ಕಾಲವಾಗಿತ್ತೋ. "ಎಷ್ಟ ಸೊರಗಿಯಲ್ಲಬೇ" ಎಂದಳು. ಅವ್ವ ಚಂಬು ಬಗ್ಗಿಸಿ ನೀರು ಹಾಕುತ್ತಲೇ ಇದ್ದಳು. ನೀರು ಮುಗಿದದ್ದೂ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಅಪ್ಪ ಅಟ್ಟ ಹತ್ತಿ ಖಾರದ ಗಂಟನ್ನು ಇಳಿಸಿದ. ಎಷ್ಟೋ ದಿನದ ಮೇಲೆ ಒಗ್ಗರಣೆ ಚುರ್ ಎಂದಿತು. ಮನೆಮಂದಿಯೆಲ್ಲ ಒಟ್ಟಿಗೆ ಸೀನಿದೆವು. ಯಾವ ಡಬ್ಬಿಯ ಖಾರ ಹಾಕಿದಳೋ ನಾನು ನೋಡಲಿಲ್ಲ. ಎಂದಿನಂತೆ ನಡುಮನೆಯಲ್ಲಿ ಪಾಟಿಚೀಲ ಬಿಚ್ಚಿಕೊಂಡು ಕುಳಿತಿದ್ದೆ. ಓಣಿಯಲ್ಲಿ ಹುಡುಗಿಯರು ಕುಂಟಾಬಿಲ್ಲೆಗೆ ಮನೆ ಬರೆಯುತ್ತಿದ್ದರು.

"ಸುಮಿ" ಎಂದಳು ಆಯಿ ಪಡಸಾಲೆಯಿಂದ. "ನಿಮ್ಮವ್ವಗ ಹೇಳು..."

ರೂಢಿಯಂತೆ ಎದ್ದು ನಿಂತೆ. ಆಯಿ ಕನ್ನಡಕದೊಳಗಿಂದ ನನ್ನನ್ನು ನೋಡಿದಳು. ಬಾ ಎನ್ನಲಿಲ್ಲ. ಕೈಯಿಂದ, ಕುಂದ್ರು ಕುಂದ್ರು ಎನ್ನುವ ಹಾಗೆ ಮಾಡಿದಳು. ಆಮೇಲೆ ನನ್ನ ತಲೆಯ ಮೇಲಿಂದ ಅಡುಗೆಮನೆಯ ಕಡೆಗೆ, ಇಡೀ ಮನೆಗೆ ಕೇಳುವ ಹಾಗೆ ಕೂಗಿದಳು:

"ಏ ಕಸ್ತೂರೀ!"

ಆಯಿಯ ಬಾಯಲ್ಲಿ ನನ್ನ ಅವ್ವನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ಬಂದೇರಿ ಅತ್ತೀ" ಎನ್ನುತ್ತ ಅವ್ವ ಕೈ ಒರೆಸಿಕೊಳ್ಳುತ್ತ ನನ್ನ ಪಕ್ಕದಿಂದಲೇ ಹಾದು ಪಡಸಾಲೆಗೆ ಹೋದಳು. ಇಬ್ಬರೂ ಏನೋ ಮಾತಾಡತೊಡಗಿದರು. ಏನು ಎಂದು ನಾನು ಕೇಳಿಸಿಕೊಳ್ಳಲಿಲ್ಲ. ಪಾಟಿಚೀಲ ಹಾಗೇ ಬಿಟ್ಟು, ಅವರಿಬ್ಬರ ಮುಂದಿನಿಂದಲೇ ಓಡಿ ಓಣಿಗೆ ಬಂದು, "ನನ್ನೂ ಆಟಕ್ಕ ಹಿಡೀರಿ!" ಎಂದು ಕೂಗಿದೆ. ಕತ್ತಲಾಗುವ ತನಕ ಆಡಿದೆ. ಒಳಗಿನಿಂದ ಯಾರೂ ಕರೆಯಲಿಲ್ಲ.